ಬಿಸಿ ರೀಡು ತಣ್ಣಗಾಗುವವರೆಗೆ

ನಮ್ಮ ಪ್ರಾರ್ಥನಾ ಮಂದಿರದ ಹಾರ್ಮೋನಿಯಮ್ಮಿನ ಹಿಂದಿನ ಹಲಗೆಗೆ ನಾಲ್ಕು ತಿರುಪುಗಳಿವೆ. ಒಳಗೆ ಇಲಿ ಸೇರಿಕೊಂಡಿದೆಯೆಂಬ ಅನುಮಾನದ ಮೇಲೆ ಕಳೆದ ವಾರ ಅವುಗಳನ್ನು ಬಿಚ್ಚಿ, ಹಲಗೆಯನ್ನು ಪಕ್ಕಕ್ಕಿಟ್ಟು, ಟಾರ್ಚು ಹಿಡಿದು ಬಗ್ಗಿ ನೋಡಿದೆ. ಇಲಿ ಇರಲಿಲ್ಲ. ಸಾಲಾಗಿ ಕುಳಿತ ಹಿತ್ತಾಳೆಯ ರೀಡುಗಳ ನಡುವೆ, ಎರಡರ ಮಗ್ಗುಲ ಮರದ ಮೇಲೆ ಸೀಮೆಸುಣ್ಣದ ಎರಡು ಚಿಕ್ಕ ಗೀಟುಗಳು ಕಂಡವು. ಇಪ್ಪತ್ತೆಂಟು ವರ್ಷಗಳ ಧೂಳು ಕುಳಿತರೂ ಅಳಿಯದ ಗೀಟುಗಳು. ನಾನು ಟಾರ್ಚು ಆರಿಸಿ ಆ ಕಲ್ಲುನೆಲದ ಮೇಲೆಯೇ ಕುಳಿತುಬಿಟ್ಟೆ. ಕಣ್ಣು ತುಂಬಿ ಬಂತು. ಅದಕ್ಕೆ ಧೂಳು ಕಾರಣವಲ್ಲ.

ಆ ಗೀಟುಗಳನ್ನು ಎಳೆದವನನ್ನು ಊರೆಲ್ಲ ತಿದಿಯಣ್ಣ ಎಂದೇ ಕರೆಯುತ್ತಿತ್ತು. ಹಾರ್ಮೋನಿಯಂ ರಿಪೇರಿ ಅವನ ಕಸುಬು. ಹರಿದ ತಿದಿಗೆ ಚರ್ಮ ಅಂಟಿಸುವುದು, ಸಡಿಲವಾದ ಕೀಲಿಗೆ ಹೊಸ ಸ್ಪ್ರಿಂಗು ಕೂರಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ತಪ್ಪಿದ ಸ್ವರವನ್ನು ದಾರಿಗೆ ತರುವುದು. ನಮ್ಮ ಮಂದಿರದ ಹಾರ್ಮೋನಿಯಮ್ಮನ್ನು ಕಟ್ಟಿದವರು ಅವನ ತಂದೆ. ಅವರು ತೀರಿಕೊಂಡ ಮೇಲೆ ಅದರ ಹೊಟ್ಟೆಯೊಳಗೆ ಕೈ ಹಾಕುವ ಹಕ್ಕು ತಿದಿಯಣ್ಣನೊಬ್ಬನಿಗೇ ಇತ್ತು.

ಮಂದಿರದ ಹಿಂದಿನ ಓಣಿಯಲ್ಲಿ ಅವನ ಮೂರು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಅವನ ಅಕ್ಕ ಕುಳಿತು, ಬಟ್ಟೆ ಕಾರ್ಖಾನೆಯವರು ಕಳಿಸುತ್ತಿದ್ದ ಕೋಟುಗಳಿಗೆ ಗುಂಡಿ ಹಾಕುತ್ತಿದ್ದಳು. ಹಲ್ಲಿನ ನಡುವೆ ದಾರ, ಕುತ್ತಿಗೆಗೆ ಅಳತೆಯ ಟೇಪು, ಸೊಂಟಕ್ಕೆ ಕಟ್ಟಿದ ನಡುವಿನ ಜೇಬಿನಲ್ಲಿ ಸೂಜಿಪೆಟ್ಟಿಗೆ ಮತ್ತು ಚಪ್ಪಟೆ ಸೀಮೆಸುಣ್ಣದ ತುಂಡು. ಅವಳನ್ನು ಕಂಡರೆ ನನಗೆ ಈಗಲೂ ಸ್ವಲ್ಪ ಭಯ. ನಡುವಣ ಕೋಣೆ ತಿದಿಯಣ್ಣನ ಕೆಲಸದ ಜಾಗ. ಅಲ್ಲಿ ಅಂಟಿನ, ಹದ ಮಾಡಿದ ಚರ್ಮದ, ಹಳೆಯ ಮರದ ವಾಸನೆ ಒಂದಾಗಿ ಬೆರೆತು, ಒಳಗೆ ಕಾಲಿಟ್ಟವನಿಗೆ ಯಾವುದೋ ಅಜ್ಜನ ಪೆಟ್ಟಿಗೆ ತೆರೆದಂತಾಗುತ್ತಿತ್ತು. ಪೂರ್ವದ ಕಿಟಕಿಗೆ ಗೇಣಗಲದ ಕಟ್ಟೆ. ಅದರ ಮೇಲೆ ಮಡಚಿದ ಬಟ್ಟೆ ಹಾಸಿ, ಕೆರೆದ ರೀಡುಗಳನ್ನು ಮಲಗಿಸುತ್ತಿದ್ದ. ಮಲಗಿಸುವುದು ಎಂದೇ ಅವನು ಹೇಳುತ್ತಿದ್ದದ್ದು.

ಕಸುಬು ತಿಳಿಯದವರಿಗಾಗಿ ಒಂದು ಮಾತು ಹೇಳಲೇಬೇಕು. ಹಾರ್ಮೋನಿಯಮ್ಮಿನ ಸ್ವರವೆಂದರೆ ಒಂದು ತುದಿಯಲ್ಲಿ ಬಿಗಿದ, ಇನ್ನೊಂದು ತುದಿಯಲ್ಲಿ ಗಾಳಿಗೆ ಅದುರುವ ಹಿತ್ತಾಳೆಯ ತೆಳು ನಾಲಗೆ. ಅದರ ತುದಿಯನ್ನು ಅರದಿಂದ ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಕೆರೆದುಹೋದ ಹಿತ್ತಾಳೆಯನ್ನು ಮತ್ತೆ ಅಂಟಿಸಲಾಗದು. ಇನ್ನೊಂದು ಮೋಸವೂ ಅದರಲ್ಲಿದೆ. ಅರದ ಉಜ್ಜಿಗೆ, ಬೆರಳಿನ ಕಾವಿಗೆ ರೀಡು ಬಿಸಿಯಾಗುತ್ತದೆ. ಬಿಸಿಯಾದ ರೀಡು ತನ್ನ ನಿಜದ ಸ್ವರಕ್ಕಿಂತ ಇಳಿದು ನುಡಿಯುತ್ತದೆ. ಅವಸರದವನು ಸ್ವರ ಇನ್ನೂ ಏರಿಲ್ಲವೆಂದು ಮತ್ತೆ ಕೆರೆಯುತ್ತಾನೆ. ಮರುದಿನ ತಣ್ಣಗಾದಾಗ ಅದು ಮೇಲೇರಿ ಕುಳಿತಿರುತ್ತದೆ. ಆದ್ದರಿಂದ ತಿದಿಯಣ್ಣನ ತಂದೆ ಮಗನಿಗೆ ಕಲಿಸಿದ ಮೊದಲ ಪಾಠವೇ ಬಿಸಿ ರೀಡಿನ ಮಾತು ನಂಬಬೇಡ ಎಂಬುದು. ಎರಡು ಸಲ ಕೆರೆದು, ಕಿಟಕಿಯ ಕಟ್ಟೆಯ ಮೇಲೆ ಮಲಗಿಸಿ, “ನಾಳೆ ಬೆಳಿಗ್ಗೆ ಕೇಳೋಣ” ಎನ್ನುತ್ತಿದ್ದ ತಿದಿಯಣ್ಣ. ಆ ಮಾತು ಅವನ ನಾಲಗೆಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಮಂದಿರಕ್ಕೆ ಬಣ್ಣ ಯಾವುದು ಬಳಿಯೋಣವೆಂದು ಕೇಳಿದರೂ ಅದೇ ಉತ್ತರ ಬರುತ್ತಿತ್ತು. ನಾವೆಲ್ಲ ನಗುತ್ತಿದ್ದೆವು. ಆ ದಿನಗಳ ನಗು ಎಷ್ಟು ಅಗ್ಗವಾಗಿ, ಎಷ್ಟು ಧಾರಾಳವಾಗಿ ಸಿಗುತ್ತಿತ್ತು!

ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಬ್ಯಾಂಡಿನ ಕ್ಲಾರಿನೆಟ್ಟು ನುಡಿಸುವ ಗೆಳೆಯನೊಬ್ಬನ ಜೊತೆಯಲ್ಲಿ ಅವನಿಗೆ ಗಾಂಜಾದ ರುಚಿ ಹತ್ತಿತು. ಮೊದಲು ವಾರಕ್ಕೊಮ್ಮೆ, ಆಮೇಲೆ ಸಂಜೆಗೊಮ್ಮೆ. ನಲವತ್ತು ದಾಟುವ ಹೊತ್ತಿಗೆ ದಿನಕ್ಕೆ ನಾಲ್ಕು ಸಲ. ಸೊಪ್ಪಿಗೆ ತಂಬಾಕು ಬೆರೆಸಿ, ಹಿತ್ತಲ ಗೋಡೆಗೆ ಒರಗಿ ಸೇದಿ, ನಂತರವೇ ಅರ ಹಿಡಿಯುತ್ತಿದ್ದ. ಒಂದು ದಮ್ಮು ಎಳೆದರೆ ಸ್ವರದ ಅಲೆ ನಿಧಾನವಾಗಿ, ದಪ್ಪವಾಗಿ ಕೇಳಿಸುತ್ತದೆಂದು ಅವನ ನಂಬಿಕೆ. ಆ ನಂಬಿಕೆಯ ಹಿಂದೆಯೇ ಇನ್ನೊಂದು ಬದಲಾವಣೆ ಬಂತು, ಅದನ್ನು ಯಾರೂ ಗಮನಿಸಲಿಲ್ಲ. ಕಿಟಕಿಯ ಕಟ್ಟೆ ಖಾಲಿಯಾಗತೊಡಗಿತು. ಹೊಗೆಯ ಧೈರ್ಯದಲ್ಲಿ ಕೆರೆದದ್ದನ್ನು ಅವನು ಅದೇ ದಿನ ಜೋಡಿಸಿ ಕಳಿಸುತ್ತಿದ್ದ. ನಾಳೆ ಬೆಳಿಗ್ಗೆ ಎನ್ನುವ ಮಾತೇ ಅವನ ಬಾಯಿಂದ ಮರೆಯಾಯಿತು.

ಅವನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಶಾಲೆಯ ಸಂಗೀತದ ಟೀಚರು ತಮ್ಮ ಹಾರ್ಮೋನಿಯಮ್ಮನ್ನು ಎರಡನೆಯ ಸಲ ಹೊತ್ತು ತಂದರು. ಸಿಟ್ಟಿನ ಹೆಂಗಸಲ್ಲ ಅವರು, ಅದೇ ಕಷ್ಟವಾಯಿತು. ಮೂರು ಕೀಲಿಗಳನ್ನು ಒಂದೊಂದಾಗಿ ಒತ್ತಿ ತೋರಿಸಿದರು. ಮೂರೂ ಮೇಲೆ ಹೋಗಿ ಕುಳಿತಿದ್ದವು. ತಿದಿಯಣ್ಣನಿಗೆ ಒಂದೂ ಕೇಳಿಸಲಿಲ್ಲ. ಆಗ ಟೀಚರು ಮೆಲ್ಲಗೆ, “ನಿಮ್ಮ ಕೈ ಚೆನ್ನಾಗೇ ಇದೆ ಅಣ್ಣ. ಕಿವಿ ಎಲ್ಲೋ ಹೊರಟು ಹೋಗಿದೆ” ಎಂದು ಹೇಳಿ, ಪೆಟ್ಟಿಗೆಯನ್ನು ಮತ್ತೆ ಹೊತ್ತುಕೊಂಡು ಹೋದರು.

ಅಂದು ಸಂಜೆ ಅವನು ನನ್ನ ಬಳಿಗೆ ಬಂದ. ನಾನು ವಾರದ ಆರು ದಿನ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವವನು, ಏಳನೆಯ ದಿನ ಮಂದಿರದಲ್ಲಿ ನಿಂತು ದೇವರ ಬಗ್ಗೆ ನಾಲ್ಕು ಮಾತು ಹೇಳುವವನು. “ತಮ್ಮಾ, ಸೊಪ್ಪು ಬಿಡ್ತೀನಿ. ಬಿಟ್ರೆ ನನ್ನ ಕಿವಿ ವಾಪಸು ಬರುತ್ತಾ? ಬರಲ್ಲ ಅಂದ್ರೆ ಅಪ್ಪ ಕಟ್ಟಿದ ಪೆಟ್ಟಿಗೇನ ಇನ್ನು ನಾನು ಮುಟ್ಟಲ್ಲ” ಎಂದ. ನನಗೆ ಗೊತ್ತಿಲ್ಲ ಎಂದು ಹೇಳಬೇಕಿತ್ತು. ಆದರೆ ಅಂದಿನ ನನ್ನ ಬಾಯಿಗೆ ಗೊತ್ತಿಲ್ಲ ಎಂಬ ಮಾತು ಬರುತ್ತಿರಲಿಲ್ಲ. ದೇವರು ಆ ಬಾಯನ್ನು ಕ್ಷಮಿಸಲಿ. ಮುಂದಿನ ಪ್ರಾರ್ಥನೆಯ ದಿನ ಸಭೆಯೆದುರು ಅವನನ್ನು ನಿಲ್ಲಿಸಿದೆ. ಆ ಗಳಿಗೆಯಿಂದಲೇ ಬಿಟ್ಟೆ ಎಂದು ಅವನಿಂದ ಪ್ರತಿಜ್ಞೆ ಮಾಡಿಸಿದೆ. ಮನಸ್ಸು ತೊಳೆಯಲಿ ಎಂದು ಮೂರು ದಿನ ನೀರು ಮಾತ್ರ ಕುಡಿದು ಉಪವಾಸವಿರಲು ಹೇಳಿದೆ. ಸಭೆಯವರ ಕಣ್ಣು ಒದ್ದೆಯಾದವು. ನಾನೂ ಉಬ್ಬಿಹೋದೆ.

ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆರೆಯಲು ಹೋದಾಗ ಅವನು ಮಂದಿರದ ಹಿಂದಿನ ಮೆಟ್ಟಿಲ ಮೇಲೆ ಕುಳಿತಿದ್ದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು, ಪಕ್ಕದಲ್ಲಿ ವಾಂತಿ, ಕೈಯಲ್ಲಿ ಉರಿಯುತ್ತಿದ್ದ ಸೊಪ್ಪು. ನನ್ನನ್ನು ಕಂಡು ಅದನ್ನು ಬಚ್ಚಿಡಲೂ ಅವನಿಗೆ ತ್ರಾಣವಿರಲಿಲ್ಲ. ಎದ್ದು ಗೋಡೆ ಹಿಡಿದುಕೊಂಡು ಹೋದ. ಆಮೇಲೆ ಎರಡು ವಾರ ಅವನ ಮುಖ ಕಾಣಲಿಲ್ಲ. ನಾನು ಅದನ್ನು ಅವನ ಅಪನಂಬಿಕೆಯೆಂದುಕೊಂಡೆ.

ಆ ಭ್ರಮೆಯನ್ನು ಬಿಡಿಸಿದವಳು ಅವನ ಅಕ್ಕ. ಒಂದು ಮಧ್ಯಾಹ್ನ ಅಂಚೆ ಕಚೇರಿಯ ಸಾಲಿನಲ್ಲಿ ಶಿಸ್ತಾಗಿ ನಿಂತು, ತನ್ನ ಸರದಿ ಬಂದಾಗ ಕಿಂಡಿಗೆ ಮುಖವೊಡ್ಡಿದಳು.

“ಸ್ಟಾಂಪು ಬೇಡ. ಮಾತಾಡೋಕೆ ಬಂದೆ, ಉಪದೇಶಿಗಳೇ. ಸೊಪ್ಪು ಬಿಟ್ಟವನಿಗೆ ಮೊದಲೇ ಊಟ ಸೇರಲ್ಲ, ನಿದ್ದೆ ಹತ್ತಲ್ಲ. ಅದರ ಮೇಲೆ ನೀವು ಉಪವಾಸ ಬೇರೆ ಹೇರಿದ್ರಿ. ಕಾಲು ಮುರಿದವನಿಗೆ ಓಡು ಅಂದ ಹಾಗೆ.”

ದೇವರ ಶಕ್ತಿ ದೊಡ್ಡದು ಎಂದು ನಾನು ಏನೋ ತೊದಲಿದೆ.

“ದೊಡ್ಡದೇ. ಅದಕ್ಕೇ ಡಾಕ್ಟರನ್ನೂ ಮಾಡಿದ್ದಾನೆ, ಸುಮ್ನೆ ಮಾಡಿದ್ನಾ? ನಾಳೆ ರಜಾ ಹಾಕಿ ನಮ್ಮ ಜೊತೆ ಬನ್ನಿ. ನಿಮಗೆ ಮುಖ ತೋರಿಸೋಕೆ ನಾಚಿಕೊಂಡು ಮೂಲೆ ಹಿಡಿದಿದ್ದಾನೆ. ನಾಚಿಕೆ ಹೊರಿಸಿದವರೇ ಬಂದು ಇಳಿಸಿ.”

ಅವಳ ಹಿಂದೆ ನಿಂತಿದ್ದ ಮುದುಕರೊಬ್ಬರು, “ಬಿಟ್ಟುಬಿಡಮ್ಮ, ಪಾಪ. ನನಗೊಂದು ಲಕೋಟೆ ಬೇಕು” ಎಂದರು. ನಾನು ಅಂದು ಎಷ್ಟು ಕಾಗದಗಳಿಗೆ ಮುದ್ರೆ ತಲೆಕೆಳಗಾಗಿ ಒತ್ತಿದೆನೋ ದೇವರೇ ಬಲ್ಲ.

ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ನಾವು ಮೂವರೂ ಕುಳಿತಿದ್ದೆವು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತು ಕಡಿಮೆ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ಕುಡಿತವೂ ಉಂಟೇ, ತಂಬಾಕು ಬೆರೆಸುವುದುಂಟೇ, ಬದುಕು ಸಾಕೆನ್ನಿಸುವ ಯೋಚನೆ ಬರುತ್ತದೆಯೇ ಎಂದು ಒಂದೊಂದನ್ನೇ ಕೇಳಿದರು. ನಾನು ಒಂದನ್ನೂ ಕೇಳಿರಲಿಲ್ಲವೆಂಬುದು ಆಗ ನನಗೆ ಹೊಳೆಯಿತು. ತಿದಿಯಣ್ಣ ಎಲ್ಲಕ್ಕೂ ಉತ್ತರಿಸಿ, ಕೊನೆಗೆ ಒಂದು ಗುಳಿಗೆ ಕೊಟ್ಟುಬಿಡಿ, ನುಂಗಿಬಿಡುತ್ತೇನೆ ಎಂದ.

“ಇದಕ್ಕೇ ಅಂತ ಒಂದು ಗುಳಿಗೆ ಇನ್ನೂ ಯಾರೂ ಕಂಡುಹಿಡಿದಿಲ್ಲ” ಎಂದರು ಡಾಕ್ಟರು. “ಇದ್ದಿದ್ರೆ ಕೊಡೋಕೆ ನಿಮಗಿಂತ ನನಗೇ ಆತುರ. ಬರೋ ತೊಂದರೆಗಳನ್ನ ಒಂದೊಂದಾಗಿ ಹಗುರ ಮಾಡಬಹುದು. ಅದು ಮಾತ್ರ ಆಗುತ್ತೆ.”

ಬಿಟ್ಟ ಒಂದೆರಡು ದಿನಕ್ಕೆ ಕಾಟ ಶುರುವಾಗುವುದು, ಮೊದಲ ವಾರವೇ ಹೆಚ್ಚು ಕಠಿಣ, ಎರಡು ಮೂರು ವಾರಗಳಲ್ಲಿ ಬಹುಪಾಲು ಇಳಿಯುವುದು, ನಿದ್ದೆ ಮತ್ತು ಕನಸುಗಳ ಗೊಂದಲ ಮಾತ್ರ ಇನ್ನೂ ಕೆಲಕಾಲ ಉಳಿಯಬಹುದು ಎಂದು ಅವರು ವಿವರಿಸಿದರು. ಇದನ್ನು ಕೇಳಿ ತಿದಿಯಣ್ಣನ ಹುಬ್ಬಿನ ಗಂಟು ಸಡಿಲವಾದದ್ದನ್ನು ನಾನು ಕಂಡೆ. ತನಗಾದದ್ದು ಪಾಪದ ಶಿಕ್ಷೆಯಲ್ಲ, ದೇಹದ ದಾರಿ ಎಂದು ಅವನಿಗೆ ಹೇಳಿದವರು ಅವರೇ ಮೊದಲು. ಅವನು ಕೊನೆಗೆ ತನ್ನ ನಿಜವಾದ ಪ್ರಶ್ನೆ ಕೇಳಿದ. ಡಾಕ್ಟರು ಅವನ ಕಿವಿಗಳನ್ನು ಪರೀಕ್ಷಿಸಿ, ಕಿವಿಯಲ್ಲಿ ದೋಷ ಕಾಣುವುದಿಲ್ಲ, ಗಮನ ಮಂಕಾಗಿರಬೇಕು, ತಿಳಿಯಾಗುವ ಸಂಭವವಿದೆ ಎಂದರು. “ಎಷ್ಟು ಅಂತ ಬರೆದುಕೊಡೋಕೆ ಆಗಲ್ಲ. ಒಂದು ತಿಂಗಳು ನೀವೂ ತೀರ್ಪು ಹೇಳಬೇಡಿ.”

ಅಲ್ಲಿಂದಾಚೆಗಿನ ಕೆಲಸವೆಲ್ಲ ನರ್ಸಮ್ಮನದು. ಕನ್ನಡಕಕ್ಕೆ ದಾರ ಕಟ್ಟಿ ಎದೆಯ ಮೇಲೆ ಇಳಿಬಿಟ್ಟಿದ್ದ ದಪ್ಪ ಹೆಂಗಸು. ಔಷಧವನ್ನೂ ಬೈಗುಳವನ್ನೂ ಅಳತೆ ನೋಡಿಯೇ ಕೊಡುವವರು. ಒಂದೇ ಏಟಿಗೆ ಬಿಡುವುದು ಬೇಡ, ಹತ್ತು ದಿನ ಕಡಿಮೆ ಮಾಡುತ್ತ ಬನ್ನಿ ಎಂದರು. ಬೆಳಗಿನ ಮೊದಲ ಸೇದುವಿಕೆಯನ್ನು ದಿನಕ್ಕೊಂದು ಗಂಟೆ ಮುಂದೂಡುವುದು. ಸೇದುವ ಹಿತ್ತಲ ಗೋಡೆಗೆ ಬೆನ್ನು ತಾಗಿಸದಿರುವುದು. ಆಸೆ ಯಾವ ಹೊತ್ತಿಗೆ, ಯಾವ ಜಾಗದಲ್ಲಿ, ಯಾರ ಜೊತೆಯಲ್ಲಿ ಬಂತೆಂದು ಚೀಟಿಯಲ್ಲಿ ಬರೆದು ತಂದು ವಾರಕ್ಕೊಮ್ಮೆ ತಮ್ಮ ಜೊತೆ ಕುಳಿತು ಮಾತಾಡುವುದು. ತಂಬಾಕಿನ ತಲಬಿಗೆ ಅಗಿಯುವ ನಿಕೋಟಿನ್ ಗಮ್ ಕೊಟ್ಟರು. ಹೊಟ್ಟೆ ತೊಳಸಿದರೆ ನುಂಗಲು ಕೆಲವು ಮಾತ್ರೆ, ನಿದ್ದೆಗೆ ಡಾಕ್ಟರು ಎಣಿಸಿ ಬರೆದ ನಾಲ್ಕೇ ಮಾತ್ರೆ. ಅಂಗಡಿಯಿಂದ ತಾನಾಗಿ ನಿದ್ದೆಯ ಗುಳಿಗೆ ತಂದರೆ, ಅಥವಾ ಸೊಪ್ಪಿನ ಬದಲು ಬಾಟಲಿ ಹಿಡಿದರೆ ತಮ್ಮ ಬಾಗಿಲು ಹತ್ತಬೇಡಿ ಎಂದರು. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಹಸಿವಿಲ್ಲದಿದ್ದರೂ ಎರಡೆರಡು ಗಂಟೆಗೆ ಸ್ವಲ್ಪ ಗಂಜಿಯೋ ಹಣ್ಣೋ. ಬೆವರು, ಹೊಟ್ಟೆನೋವು ಬಂದಾಗ ಬಿಸಿನೀರಿನ ಸ್ನಾನ. ಬೆಳಿಗ್ಗೆ ಒಂದು ಗಂಟೆ ಬಿರುಸಿನ ನಡಿಗೆ.

“ನಡೆಸೋರು ಯಾರು?” ಎಂದು ನರ್ಸಮ್ಮ ಕನ್ನಡಕ ಏರಿಸಿ ಸುತ್ತ ನೋಡಿದರು. ಅಕ್ಕ ನನ್ನ ಕಡೆ ನೋಡಿದಳು. ನನ್ನ ಪ್ರಾಯಶ್ಚಿತ್ತ ಹೀಗೆ ನಿರ್ಧಾರವಾಯಿತು.

ಆ ಬೆಳಗಿನ ನಡಿಗೆಗಳನ್ನು ನೆನೆದರೆ ಇಂದಿಗೂ ಎದೆ ತುಂಬುತ್ತದೆ. ಬೀದಿಯ ದೀಪಗಳು ಇನ್ನೇನು ಆರುವ ಹೊತ್ತು. ಬೇಕರಿಯ ಹಿಂಬಾಗಿಲಿಂದ ಬ್ರೆಡ್ಡಿನ ಬಿಸಿ ಆವಿ. ಅಂಗಡಿಗಳ ಮುಂದೆ ನೀರು ಚೆಲ್ಲುವ ಸದ್ದು. ನಾವು ಕಾಲುವೆಯ ದಂಡೆ ಹಿಡಿದು ರೈಲ್ವೆ ಸೇತುವೆಯವರೆಗೆ ಹೋಗಿ ಬರುತ್ತಿದ್ದೆವು. ಮೊದಲ ದಿನಗಳಲ್ಲಿ ನಾನು ದಾರಿಯುದ್ದಕ್ಕೂ ಉಪದೇಶ ಮಾಡುತ್ತಿದ್ದೆ. ಮೂರನೆಯ ದಿನ ಅವನು ನಿಂತು, “ತಮ್ಮಾ, ನರ್ಸಮ್ಮ ನಡಿಗೆ ಅಂತ ಮಾತ್ರ ಬರೆದಿದ್ದಾರೆ. ಪ್ರವಚನ ಬರೆದಿಲ್ಲ” ಎಂದ. ಅಂದಿನಿಂದ ಸುಮ್ಮನೆ ನಡೆದೆ. ಪ್ರಾರ್ಥನೆಯನ್ನು ಕಾಲಿನಿಂದಲೂ ಮಾಡಬಹುದೆಂದು ಕಲಿತದ್ದು ಆ ದಂಡೆಯ ಮೇಲೆ.

ಹತ್ತು ದಿನ ಕಳೆದು ಸೊಪ್ಪು ಪೂರ್ತಿ ನಿಂತಿತು. ನಿಂತ ಎರಡನೆಯ ದಿನದಿಂದ ಬೆವರು, ತಲೆನೋವು. ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಬಣ್ಣಬಣ್ಣದ ಭಯಂಕರ ಕನಸುಗಳು ಬರುತ್ತಿದ್ದವಂತೆ. ಒಮ್ಮೆ ಹಾರ್ಮೋನಿಯಮ್ಮಿನ ಕೀಲಿಗಳೆಲ್ಲ ಹಲ್ಲುಗಳಾಗಿ ತನ್ನ ಬೆರಳು ಕಚ್ಚಿದವೆಂದು ಹೇಳಿ, ನಗಲೂ ಆಗದೆ ಅಳಲೂ ಆಗದೆ ಕುಳಿತಿದ್ದ. ನಾಲ್ಕನೆಯ ದಿನ ಸಿಟ್ಟು ಮೂಗಿನ ತುದಿಗೆ ಬಂತು. ಗಂಜಿ ಕುಡಿ ಎಂದು ಅಕ್ಕ ಎರಡನೆಯ ಸಲ ಹೇಳಿದ್ದೇ ತಡ, ಅವಳ ಗುಂಡಿಯ ಡಬ್ಬಿಯನ್ನೆತ್ತಿ ಗೋಡೆಗೆ ಎಸೆದ. ನೂರಾರು ಗುಂಡಿಗಳು ಮಂಚದಡಿ, ಬೀರುವಿನಡಿ, ಬಾಗಿಲು ದಾಟಿ ಓಣಿಯವರೆಗೂ ಉರುಳಿದವು.

ನಾನು ಹೋದಾಗ ಅವನು ಮೊಣಕಾಲೂರಿ ಗುಂಡಿ ಆಯುತ್ತಿದ್ದ. ಅಕ್ಕ ಕುರ್ಚಿಯ ಮೇಲೆ ಕುಳಿತು ಗಂಜಿಯ ಬಟ್ಟಲನ್ನು ಹಿಡಿದಿದ್ದಳು. ಪ್ರತಿ ಇಪ್ಪತ್ತು ಗುಂಡಿಗೆ ಒಂದು ಚಮಚ ಎಂದು ಅವರಿಬ್ಬರ ನಡುವೆ ಒಪ್ಪಂದವಾಗಿತ್ತು. ಸಂಜೆಯ ಹೊತ್ತಿಗೆ ಗುಂಡಿಗಳೆಲ್ಲ ಗಾತ್ರದ ಪ್ರಕಾರ ವಿಂಗಡವಾಗಿದ್ದವು, ಬಟ್ಟಲೂ ಖಾಲಿಯಾಗಿತ್ತು. ನರ್ಸಮ್ಮ ಇದನ್ನು ಕೇಳಿ, ನಮ್ಮ ಪುಸ್ತಕದಲ್ಲಿ ಈ ಚಿಕಿತ್ಸೆ ಇಲ್ಲ, ಆದರೂ ಮುಂದುವರಿಸಿ ಎಂದರು. ಕೈಗೆ ಕೆಲಸ, ಹೊಟ್ಟೆಗೆ ಅಷ್ಟಿಷ್ಟು ಆಹಾರ, ಪಕ್ಕದಲ್ಲಿ ಒಂದು ಜೀವ.

ಆರನೆಯ ದಿನ ನಡಿಗೆ ಮುಗಿಸಿ ಬರುವಾಗ ಅವನು ಮಂದಿರದ ಬೀಗದ ಕೈ ಕೇಳಿದ. ಜೇಬಿನಲ್ಲಿ ಅರವಿದ್ದದ್ದು ನನಗೆ ಗೊತ್ತಿರಲಿಲ್ಲ. ಹಾರ್ಮೋನಿಯಮ್ಮಿನ ಹಿಂದಿನ ಹಲಗೆ ಬಿಚ್ಚಿ, ನನ್ನನ್ನು ಮುಂದೆ ಕೂರಿಸಿ, ಕಾಲಿನಿಂದ ತಿದಿ ಒತ್ತುತ್ತ ಕೀಲಿಗಳನ್ನು ಒಂದೊಂದಾಗಿ ಹಿಡಿಯಲು ಹೇಳಿದ. ಒಂದೊಂದು ಸ್ವರಕ್ಕೂ ಅವನ ಮುಖ ಕಿವುಚಿಕೊಂಡಿತು. ಇದು ಕೆಟ್ಟಿದೆ, ಇದೂ ಕೆಟ್ಟಿದೆ, ಅಪ್ಪನ ಪೆಟ್ಟಿಗೆಯನ್ನು ಇಷ್ಟು ವರ್ಷ ಹೀಗೆಯೇ ನುಡಿಸಿದೆವಲ್ಲ, ಈಗಲೇ ಸರಿಮಾಡುತ್ತೇನೆ ಎಂದು ಅರ ತೆಗೆದ. ಆ ಹಿತ್ತಾಳೆ ಒಮ್ಮೆ ಉದುರಿದರೆ ಮರಳಿ ಬರುವುದಿಲ್ಲವೆಂದು ನನಗೂ ಗೊತ್ತಿತ್ತು. ಆದರೆ ಅವನ ಕಿವಿಯೇ ಮರಳಿ ಬಂದಿದೆಯೋ ಏನೋ? ಬೇಡವೆನ್ನಲು ನಾನ್ಯಾರು? ಹಿಡಿದಿದ್ದ ಕೀಲಿಯನ್ನೂ ಬಿಡದೆ ತಿದಿ ಒತ್ತುತ್ತಲೇ ಕುಳಿತೆ. ಬಹುಶಃ ಆ ಅಪಸ್ವರದ ಉಪಕಾರವೇ ಇರಬೇಕು, ಒಂದೇ ಸ್ವರ ಬಿಡದೆ ಕೂಗುತ್ತಿರುವುದನ್ನು ಓಣಿಯಿಂದ ಕೇಳಿ ಅಕ್ಕ ಒಳಗೆ ಬಂದಳು.

ಅರ ಇತ್ತ ಕೊಡು ಎಂದು ಅವಳು ಕೈ ಚಾಚಿದಳು.

“ಹನ್ನೊಂದು ರೀಡು ಕೆಟ್ಟಿವೆ ಅಕ್ಕಾ. ನನಗೆ ಕೇಳಿಸ್ತಿದೆ.”

“ಕೇಳಿಸ್ತಿರಬಹುದು. ಆರು ದಿನದಿಂದ ನಿನಗೆ ನನ್ನ ಉಸಿರೂ ಅಪಸ್ವರ. ನಿನ್ನೆ ಹಲ್ಲಿ ಲೊಚಗುಟ್ಟಿತು ಅಂತ ಚಪ್ಪಲಿ ಎಸೆದೆ.”

“ಇದು ಬೇರೆ.”

“ಬೇರೆ ಏನಲ್ಲ. ಬಿಸಿ ರೀಡಿನ ಮಾತು ನಂಬಬೇಡ ಅಂತ ಅಪ್ಪ ನಿನಗೆ ಹೇಳಿಕೊಡೋವಾಗ ನಾನೂ ಪಕ್ಕದಲ್ಲೇ ಕೂತಿದ್ದೆ ಕಣೋ. ಈಗ ಬಿಸಿಯಾಗಿರೋದು ಆ ಹಿತ್ತಾಳೆ ಅಲ್ಲ, ನೀನು.” ಅವಳು ನಡುವಿನ ಜೇಬಿನಿಂದ ಹೊಲಿಗೆಯ ಸೀಮೆಸುಣ್ಣ ತೆಗೆದಳು. “ತಗೋ. ಕೆಟ್ಟಿದೆ ಅನ್ನಿಸಿದ್ದಕ್ಕೆಲ್ಲ ಗೀಟು ಹಾಕಿಡು. ನೀನು ತಣ್ಣಗಾದ ಮೇಲೆ ಕೇಳೋಣ.”

ಅವನು ಬಹಳ ಹೊತ್ತು ಅರವನ್ನೂ ಸುಣ್ಣವನ್ನೂ ನೋಡುತ್ತ ನಿಂತ. ಹಣೆಯಿಂದ ಬೆವರು ಇಳಿದು ಬಿಚ್ಚಿಟ್ಟ ಹಲಗೆಯ ಮೇಲೆ ಬಿತ್ತು. ಕೊನೆಗೆ ಅರವನ್ನು ಅಕ್ಕನ ಅಂಗೈಯಲ್ಲಿಟ್ಟು, ಸುಣ್ಣ ತೆಗೆದುಕೊಂಡು, ಹನ್ನೊಂದು ರೀಡುಗಳ ಮಗ್ಗುಲಿಗೆ ಹನ್ನೊಂದು ಗೀಟು ಎಳೆದ. ನಾನೇ ನಾಲ್ಕು ತಿರುಪು ಬಿಗಿದೆ.

ಮುಂದಿನ ವಾರಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಅದೇ ದೊಡ್ಡ ಸಂಗತಿ. ಹತ್ತನೆಯ ದಿನದ ಹೊತ್ತಿಗೆ ಅವನಿಗೆ ಹಸಿವಾಯಿತು. ಬೇಕರಿಯ ಮುಂದೆ ನಿಂತು ಒಂದಿಡೀ ಬ್ರೆಡ್ಡನ್ನು ಮುರಿದು ತಿಂದ. ಹದಿನಾಲ್ಕನೆಯ ದಿನ ಐದು ಗಂಟೆ ನಿದ್ದೆ ಬಂತೆಂದು ಸೇತುವೆಯವರೆಗೂ ಅದನ್ನೇ ಹೇಳಿದ. ಕ್ಲಾರಿನೆಟ್ಟಿನ ಗೆಳೆಯ ಒಮ್ಮೆ ಬಾಗಿಲಿಗೆ ಬಂದಿದ್ದನಂತೆ. ಅಕ್ಕ ಅವನ ಕೈಗೆ ಸೂಜಿ ದಾರ ಕೊಟ್ಟು ಒಂದು ಡಜನ್ ಕೋಟುಗಳಿಗೆ ಗುಂಡಿ ಹಾಕಿಸಿ ಕಳಿಸಿದಳು. ಮತ್ತೆ ಬರಲಿಲ್ಲ. ವಾರದ ಭೇಟಿಯಲ್ಲಿ ನರ್ಸಮ್ಮ ಚೀಟಿಗಳನ್ನು ಓದಿ, ಆಸೆ ಹೆಚ್ಚಾಗಿ ಬರುವುದು ಅರ ಹಿಡಿಯುವ ಮೊದಲೇ ಎಂದು ಕಂಡುಹಿಡಿದರು. ಆ ಗಳಿಗೆಗೆ ಬೇರೆ ಏನಾದರೂ ಬೇಕೆಂದು ಇಬ್ಬರೂ ಕೂಡಿ ಆಲೋಚಿಸಿ, ಕೆಲಸಕ್ಕೆ ಮೊದಲು ಬಿಸಿನೀರಿನಲ್ಲಿ ಕೈ ತೊಳೆದು, ಕಿಟಕಿಯ ಕಟ್ಟೆಯ ಮೇಲಿನ ಬಟ್ಟೆಯನ್ನು ಒದರಿ ಹಾಸುವುದೆಂದು ಗೊತ್ತುಮಾಡಿದರು. ಹಾಗೆ ಆ ಕಟ್ಟೆಗೆ ಮತ್ತೆ ಬಟ್ಟೆ ಬಂತು. ಮಂದಿರದ ಪೆಟ್ಟಿಗೆಯ ಮಾತನ್ನು ಮಾತ್ರ ನಾವು ಯಾರೂ ಎತ್ತಲಿಲ್ಲ. ಪ್ರಾರ್ಥನೆಯ ದಿನಗಳಲ್ಲಿ ಅದು ನುಡಿಯುವಾಗ ಅವನು ಕೊನೆಯ ಸಾಲಿನಲ್ಲಿ ತಲೆತಗ್ಗಿಸಿ, ನೆಲ ನೋಡುತ್ತ ಕುಳಿತಿರುತ್ತಿದ್ದ.

ಮೂವತ್ತೊಂದನೆಯ ದಿನ ಬೆಳಿಗ್ಗೆ ನಾವು ಹಲಗೆ ಬಿಚ್ಚಿದೆವು. ಅಕ್ಕ ಮುಂದಿನ ಬೆಂಚಿನಲ್ಲಿದ್ದಳು. ಸಂಗೀತದ ಟೀಚರಿಗೆ ನಾನೇ ಹೇಳಿಕಳಿಸಿದ್ದೆ. ಅವರು ಎರಡನೆಯ ಬೆಂಚಿನಲ್ಲಿ, ಮಡಿಲಲ್ಲಿ ಕೈಯಿಟ್ಟುಕೊಂಡು ಕುಳಿತಿದ್ದರು. ನಾನು ತಿದಿ ಒತ್ತಿದೆ. ಗೀಟು ಹಾಕಿದ ಮೊದಲ ಸ್ವರವನ್ನು ಅವನು ಕಣ್ಣು ಮುಚ್ಚಿ ಕೇಳಿದ. ಇನ್ನೊಮ್ಮೆ ಕೇಳಿದ. ಟೀಚರತ್ತ ನೋಡಲಿಲ್ಲ. ಹೆಬ್ಬೆರಳನ್ನು ನಾಲಗೆಗೆ ಒತ್ತಿ ಆ ಗೀಟನ್ನು ಒರೆಸಿದ.

“ಇದು ಸರಿಯಾಗೇ ಇದೆ” ಎಂದ.

ಎರಡನೆಯದನ್ನೂ ಒರೆಸಿದ. ಮೂರನೆಯದು, ನಾಲ್ಕನೆಯದು. ಹೀಗೆ ಒಂಬತ್ತು ಗೀಟುಗಳು ಅಳಿಸಿಹೋದವು. ಅಂದು ಅರ ಆಡಿದ್ದರೆ ಆ ಒಂಬತ್ತು ನಿರ್ದೋಷಿ ರೀಡುಗಳ ಗತಿ ಏನಾಗುತ್ತಿತ್ತೋ! ಎರಡು ಉಳಿದವು. ಅವುಗಳನ್ನು ಅವನು ಮತ್ತೆ ಮತ್ತೆ ಕೇಳಿದ. ಒಂದು ಕೂದಲೆಳೆಯಷ್ಟು ಇಳಿದಿದೆ, ಇನ್ನೊಂದು ಅದಕ್ಕಿಂತಲೂ ಕಡಿಮೆ ಎಂದ. ನನಗೆ ಏನೂ ಗೊತ್ತಾಗಲಿಲ್ಲ. ಎರಡನೆಯ ಬೆಂಚಿನಿಂದ ಟೀಚರು, “ಹೌದು. ಅವೆರಡೇ” ಎಂದರು.

ಅವನು ಕುಳಿತುಬಿಟ್ಟ. ಅತ್ತನೆಂದು ಬರೆಯುವುದು ಸುಲಭ, ಅಳಲಿಲ್ಲ. ಕಿವಿಗಳ ಮೇಲೆ ಎರಡೂ ಕೈಯಿಟ್ಟುಕೊಂಡು, ದಾರಿ ತಪ್ಪಿ ಮನೆಗೆ ಬಂದ ಮಗುವಿನ ತಲೆ ಸವರುವಂತೆ ಸವರಿಕೊಂಡ. ಆಮೇಲೆ ಆ ಎರಡು ರೀಡುಗಳನ್ನು ಬಿಚ್ಚಿಕೊಂಡು, ಅಕ್ಕನ ಕೈಯಿಂದ ಅರ ಪಡೆದು, ಒಂದೊಂದಕ್ಕೆ ಎರಡು ಸಲ ಮಾತ್ರ ಕೆರೆದು, ಅಂಗವಸ್ತ್ರದಲ್ಲಿ ಸುತ್ತಿಕೊಂಡು ಮನೆಯ ಕಿಟಕಿಯ ಕಟ್ಟೆಗೆ ಹೊರಟ. ಹೇಗಾಯಿತೆಂದು ನಾನು ಆತುರದಿಂದ ಕೇಳಿದೆ.

“ನಾಳೆ ಬೆಳಿಗ್ಗೆ ಕೇಳೋಣ” ಎಂದ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡದ್ದು ಆಗ. ಎಷ್ಟೋ ವರ್ಷಗಳಿಂದ ಆ ಮಾತು ಅವನ ಬಾಯಿಂದ ಬಂದಿರಲಿಲ್ಲ.

ಮರುದಿನ ಆ ರೀಡುಗಳು ಸರಿಯಾಗಿ ನುಡಿದವು. ಶಾಲೆಯ ಹಾರ್ಮೋನಿಯಮ್ಮೂ ಮರಳಿ ಅವನ ಕೋಣೆಗೆ ಬಂತು. ಅವನು ಕಡೆಯವರೆಗೂ ಎಡವಲೇ ಇಲ್ಲವೆಂದು ನಾನು ಹೇಳಿದರೆ ಅವನೇ ಎದ್ದು ಬಂದು ನನ್ನನ್ನು ತಿದ್ದಿಯಾನು. ಎರಡನೆಯ ವರ್ಷ, ಕ್ಲಾರಿನೆಟ್ಟಿನ ಗೆಳೆಯ ತೀರಿಕೊಂಡ ದಿನ, ಒಮ್ಮೆ ಸೇದಿದ. ಮರುದಿನ ಬೆಳಿಗ್ಗೆ ಯಾರೂ ಕರೆಯದೆ ತಾನೇ ನರ್ಸಮ್ಮನ ಬೆಂಚಿನ ಮೇಲೆ ಹೋಗಿ ಕುಳಿತಿದ್ದ. ಅವರು ಬೈಯಲಿಲ್ಲ, ಚೀಟಿ ಮುಂದಿಟ್ಟು ಬರೆಯಿರಿ ಎಂದರು. ಆಮೇಲೆ ಅವನು ಬದುಕಿದಷ್ಟು ವರ್ಷ ಅವನ ಕಿಟಕಿಯ ಕಟ್ಟೆ ಖಾಲಿಯಿರಲಿಲ್ಲ. ಅರವತ್ತೈದನೆಯ ವಯಸ್ಸಿನಲ್ಲಿ, ಚಿಕ್ಕ ಜ್ವರವೊಂದು ನೆಪವಾಗಿ, ದೇವರು ಅವನನ್ನು ಕರೆದುಕೊಂಡ.

ನಾನಂತೂ ಅಂದಿನಿಂದ ಯಾರನ್ನೂ ಸಭೆಯೆದುರು ನಿಲ್ಲಿಸಿಲ್ಲ. ಚಟ ಬಿಡಬೇಕೆಂದು ಯಾರಾದರೂ ಬಂದರೆ ಮೊದಲು ಊಟವಾಯಿತೇ, ನಿದ್ದೆ ಬಂತೇ ಎಂದು ಕೇಳುತ್ತೇನೆ. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂರುತ್ತೇನೆ. ಪ್ರಾರ್ಥನೆಯನ್ನು ಬಿಟ್ಟಿಲ್ಲ, ಬೆಳಿಗ್ಗೆ ಅವರ ಜೊತೆ ನಡೆಯುವಾಗ ಮಾಡುತ್ತೇನೆ, ಬಾಯಿ ಮುಚ್ಚಿಕೊಂಡು.

ಕಳೆದ ವಾರ ಆ ಗೀಟುಗಳನ್ನು ಕಂಡದ್ದನ್ನು ಅಕ್ಕನಿಗೆ ಹೋಗಿ ಹೇಳಿದೆ. ಅವಳಿಗೀಗ ಸೂಜಿಯ ಕಣ್ಣು ಕಾಣುವುದಿಲ್ಲ; ಆದರೂ ನಡುವಿನ ಜೇಬಿನಲ್ಲಿ ಸೀಮೆಸುಣ್ಣವಿದೆ. “ಅಳಿಸಿಬಿಟ್ರಾ?” ಎಂದು ಗಾಬರಿಯಿಂದ ಕೇಳಿದಳು. ಇಲ್ಲವೆಂದೆ. ಆ ಸ್ವರಗಳು ಈಗ ಹೇಗಿವೆ ಎಂದು ಕೇಳಿದಳು.

ಮಂದಿರಕ್ಕೆ ಮರಳಿ ಬಂದು, ತಿದಿ ಒತ್ತಿ, ಗೀಟಿನ ಆ ಎರಡು ಸ್ವರಗಳನ್ನು ಒಂದೊಂದಾಗಿ ಹಿಡಿದು ಕೇಳಿದೆ. ತುಂಬಿದ, ನೇರವಾದ ಧ್ವನಿ, ತಪ್ಪಿದ ಸ್ವರದಲ್ಲಿರುವ ನಡುಗುವ ಅಲೆ ಕೇಳಿಸಲಿಲ್ಲ. ಆದರೆ ಸಂಜೆಯ ಬಿಸಿಲು ಪೆಟ್ಟಿಗೆಯ ಮೇಲೆಯೇ ಬಿದ್ದಿತ್ತು, ಮರವೂ ಹಿತ್ತಾಳೆಯೂ ಬೆಚ್ಚಗಿದ್ದವು. ನನ್ನ ಮನಸ್ಸೂ ಅಂದು ತಣ್ಣಗಿರಲಿಲ್ಲ. ಅಕ್ಕನಿಗೆ ಉತ್ತರ ಹೇಳಲು ಹೋಗಲಿಲ್ಲ. ನಾಳೆ ಬೆಳಿಗ್ಗೆ ಇನ್ನೊಮ್ಮೆ ಕೇಳಿ ಹೇಳುತ್ತೇನೆ.